ಕ್ಯಾಂಪರ್ ವ್ಯಾನಿನ ಬೆನ್ನಿಗೆ ಎರಡು ಎಲೆಕ್ಟ್ರಿಕ್ ಸೈಕಲ್: ಭೋಸರಿಯಲ್ಲಿ ಕಟ್ಟಿದ ಕ್ಯಾರಿಯರ್‌ನ ಕೆಲಸದ ದಾಖಲೆ

ವ್ಯಾನಿನಲ್ಲೇ ಮಲಗಿ ಏಳುವ ಪ್ರವಾಸಕ್ಕೆ ಎಲೆಕ್ಟ್ರಿಕ್ ಸೈಕಲ್ ಬೇಕು ಎಂದುಕೊಂಡವರು ನೇರವಾಗಿ ಸೈಕಲ್ ಅಂಗಡಿಗೆ ಹೋಗುತ್ತಾರೆ. ಅದಕ್ಕೂ ಮೊದಲು ಟೇಪು ಹಿಡಿದು ತಮ್ಮದೇ ವ್ಯಾನಿನ ಹಿಂದೆ ನಿಲ್ಲುವುದು ಒಳ್ಳೆಯದು. ಎಲ್ಲಿ ಹೊರುತ್ತೇವೆ, ಎಷ್ಟು ಎತ್ತರಕ್ಕೆ ಎತ್ತಬೇಕು, ಎತ್ತುವವರು ಯಾರು ಎಂಬುದು ಗೊತ್ತಾದರೆ ಅಂಗಡಿಯಲ್ಲಿರುವ ಸೈಕಲ್‌ಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಉದುರಿಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಕಷ್ಟವಲ್ಲ.

ನಮ್ಮದು 3,350 ಮಿ.ಮೀ. ವೀಲ್‌ಬೇಸ್‌ನ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಫೋರ್ಸ್ ಟ್ರಾವೆಲರ್. ಒಳಗೆ ಹಾಸಿಗೆ, ಒಲೆ, 60 ಲೀಟರ್ ನೀರು, ಛಾವಣಿಯ ಮೇಲೆ 200 ವ್ಯಾಟ್ ಸೌರಫಲಕ. ಒಮ್ಮೆ ಬೀಡುಬಿಟ್ಟು ಕುರ್ಚಿ, ನೆರಳಿನ ಬಟ್ಟೆ ಹೊರಗೆ ಹಾಕಿದ ಮೇಲೆ ಅರ್ಧ ಲೀಟರ್ ಹಾಲಿಗೆ ಇಡೀ ಮನೆಯನ್ನೇ ಮಡಚಿಕೊಂಡು ಹೊರಡಬೇಕು. ಕೊಂಕಣ ಕರಾವಳಿಯ ದಿವೇಆಗರದ ಅಡಿಕೆ ತೋಟಗಳ ನಡುವಿನ ಓಣಿಗಳಲ್ಲಿ ವ್ಯಾನು ನುಗ್ಗುವುದೂ ಇಲ್ಲ. ಶಿರಸಿ ಕಡೆಯವಳಾದ ನನ್ನ ಹೆಂಡತಿಗೆ ಆ ತೋಟಗಳನ್ನು ನೋಡಿ ತೀರ್ಪು ಕೊಡದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಆದ್ದರಿಂದ ಸೈಕಲ್ ಎರಡು ಬೇಕಾದವು.

1. ಅಳತೆ

ವ್ಯಾನಿನ ಹಿಂಭಾಗದ ಅಗಲ 1,900 ಮಿ.ಮೀ. ಅಡ್ಡವಾಗಿ ನಿಲ್ಲಿಸಿದ ಸೈಕಲ್ ಇದರ ಆಚೆ ಎರಡು ಪಕ್ಕಕ್ಕೂ ಚಾಚಬಾರದು. ಸಾಮಾನ್ಯ 27.5 ಇಂಚು ಚಕ್ರದ ಸೈಕಲ್‌ನ ಉದ್ದ ಸುಮಾರು 1,820. ಅಂದರೆ ಪಕ್ಕಕ್ಕೆ 40 ಮಿ.ಮೀ.ನಂತೆ ಉಳಿಯುತ್ತದೆ. 29 ಇಂಚಿನ ಚಕ್ರ ಇಲ್ಲಿಗೇ ಪಟ್ಟಿಯಿಂದ ಹೊರಬಿತ್ತು.

ಹಿಂದಿನ ಆಕ್ಸಲ್‌ನಿಂದ ಬಂಪರ್ ತುದಿಗೆ 1,290. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ ಹಿಂದಿನ ಚಾಚು ವೀಲ್‌ಬೇಸ್‌ನ ಶೇಕಡಾ 60ನ್ನು ಮೀರಬಾರದು ಎಂದಿದೆ. 3,350ಕ್ಕೆ ಅದು 2,010. ಕ್ಯಾರಿಯರ್ ಕಳಚಿಡುವಂಥದ್ದಾದರೂ ನಾನು ಅದೇ ಅಂಕಿಯನ್ನು ಗಡಿಯಾಗಿ ಇಟ್ಟುಕೊಂಡೆ. ಬಂಪರ್ ಆಚೆಗೆ ಸಿಗುವುದು 720. ಕೆಲಸಕ್ಕೆ 650 ಎಂದು ನಿಗದಿ ಮಾಡಿದೆ.

650ರಲ್ಲಿ ಎರಡು ಸೈಕಲ್ ಕೂರಬೇಕಾದರೆ ಮೊದಲ ಅಡ್ಡಿ ಹ್ಯಾಂಡಲ್. ಅದರ ಅಗಲ 680, ಅರ್ಧ 340. ಮೊದಲ ಸೈಕಲನ್ನು ಬಾಗಿಲಿಗೆ ತಾಗದಂತೆ ಇಟ್ಟರೆ ಎರಡನೆಯದು ಗಡಿಯ ಹೊರಗೆ ಹೋಗುತ್ತದೆ. ಹ್ಯಾಂಡಲನ್ನು 90 ಡಿಗ್ರಿ ತಿರುಗಿಸಿ ಚೌಕಟ್ಟಿಗೆ ಸಮಾನಾಂತರ ಮಾಡಿದರೆ ಉಳಿಯುವ ಅಗಲವೆಂದರೆ ಪೆಡಲ್ ಮಾತ್ರ. ಅದು ನಡುಗೆರೆಯಿಂದ ಪಕ್ಕಕ್ಕೆ ಸುಮಾರು 180. ಹಾಗಾಗಿ ಬಾಗಿಲಿನಿಂದ 210ಕ್ಕೆ ಒಂದು ಸೈಕಲ್, 460ಕ್ಕೆ ಇನ್ನೊಂದು. ಹೊರಗಿನ ಪೆಡಲ್ 640ಕ್ಕೆ ಮುಗಿಯುತ್ತದೆ. ಕಾಗದದ ಮೇಲೆ ಇಷ್ಟು ಬಂದ ಮೇಲೆ ರಟ್ಟಿನ ಪೆಟ್ಟಿಗೆ ಹರಿದು ಪೂರ್ಣ ಅಳತೆಯ ಎರಡು ಆಕೃತಿ ಮಾಡಿ ಬಾಗಿಲಿಗೆ ಟೇಪು ಹಚ್ಚಿ ನೋಡಿದೆ. ಕೆಳಮನೆಯವರು ಇದು ಯಾವ ಹಬ್ಬದ ತಯಾರಿ ಎಂದು ಕೇಳಿದರು.

ಸೈಕಲ್ ಚಕ್ರ ನಿಲ್ಲುವ ಟ್ರೇಯ ಎತ್ತರ ನೆಲದಿಂದ 600. ಇದಕ್ಕಿಂತ ಕೆಳಗಿಳಿದರೆ ಘಾಟಿನ ತಿರುವುಗಳಲ್ಲಿ ಬಾಲ ನೆಲ ಕೆರೆಯುತ್ತದೆ. ಮೇಲೇರಿಸಿದರೆ ಎತ್ತುವವರ ಸೊಂಟ ಕೇಳುವುದಿಲ್ಲ.

2. ಸೈಕಲ್ ಆಯ್ಕೆ

ಅಂಗಡಿಗೆ ಹೋಗುವಾಗ ವಿಮಾನ ಪ್ರಯಾಣಕ್ಕೆ ಪೆಟ್ಟಿಗೆ ತೂಗುವ 50 ಕೆ.ಜಿ.ಯ ಕೊಕ್ಕೆ ತಕ್ಕಡಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಎಲೆಕ್ಟ್ರಿಕ್ ಸೈಕಲ್‌ನ ಕ್ಯಾಟಲಾಗ್ ತೂಕವನ್ನು ನಂಬಬೇಡಿ. ಕೆಲವರು ಬ್ಯಾಟರಿ ಬಿಟ್ಟು ಬರೆಯುತ್ತಾರೆ, ಕೆಲವರು ಮಡ್‌ಗಾರ್ಡ್, ಸ್ಟ್ಯಾಂಡ್, ಪೆಡಲ್ ಬಿಟ್ಟು ಬರೆಯುತ್ತಾರೆ. ಸೀಟಿನ ಕೆಳಗೆ ಹಗ್ಗ ಹಾಕಿ ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ಅರ್ಧ ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ. ಅಂಗಡಿಯವರ ಮುಖ ಸ್ವಲ್ಪ ಸಣ್ಣದಾಗುತ್ತದೆ, ಅಷ್ಟೇ.

ಮೊದಲು ಮನಸ್ಸು ಹೋದದ್ದು 20 ಇಂಚು ಚಕ್ರ, 4 ಇಂಚು ಟೈರಿನ ಮಡಚುವ ಸೈಕಲ್ ಮೇಲೆ. ಮರಳಿನ ಮೇಲೆ ಓಡುತ್ತದೆ, ನೋಡಲೂ ಗಟ್ಟಿಮುಟ್ಟು. ತಕ್ಕಡಿ 29.2 ಎಂದಿತು. ಹೆಂಡತಿ ಅದನ್ನು ಎತ್ತಿ ಮೇಜಿನ ಎತ್ತರಕ್ಕೆ ಇಡಲು ಪ್ರಯತ್ನಿಸಿ, "ರೀ, ಇದನ್ನು ಎತ್ತಲು ನೀವು ಪ್ರತಿ ಸಲ ಜೊತೆಗಿರುತ್ತೀರಾ?" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. 4 ಇಂಚಿನ ಟೈರಿಗೆ ಟ್ರೇಯೂ ಅಗಲವಾಗಬೇಕು, ಕ್ಯಾರಿಯರ್ ತೂಕವೂ ಏರುತ್ತದೆ. ಕಡಲ ಮರಳಿನ ಮೇಲೆ ಓಡಿಸುವ ಆಸೆಯನ್ನೂ ಬಿಡುವುದು ಕ್ಷೇಮ. ಉಪ್ಪುನೀರು ಚೈನಿಗೆ, ಬೇರಿಂಗಿಗೆ, ಚಕ್ರದ ನಡುವೆ ಕೂತಿರುವ ಹಬ್ ಮೋಟಾರಿನ ವೈರು ಹೊರಬರುವ ರಂಧ್ರಕ್ಕೆ ಇಳಿದರೆ ರಿಪೇರಿ ನಿಮ್ಮ ಕೈಯಲ್ಲಿರುವುದಿಲ್ಲ.

ಕೊನೆಗೆ ಬಂದವು ಎರಡು ಬೇರೆ ಬೇರೆ ಜಾತಿಯವು. ನನಗೆ 27.5 ಇಂಚಿನದು, ಹಿಂದಿನ ಚಕ್ರದಲ್ಲಿ 250 ವ್ಯಾಟ್ ಹಬ್ ಮೋಟಾರು, 36 ವೋಲ್ಟ್ 10.4 ಆಂಪಿಯರ್ ಅವರ್ ಬ್ಯಾಟರಿ, ತೂಕ 23.4 ಕೆ.ಜಿ. ಅವಳಿಗೆ ಸೀಟಿನಿಂದ ಹ್ಯಾಂಡಲ್‌ವರೆಗಿನ ಮೇಲಿನ ದಂಡಿಗೆ ಇಲ್ಲದ 20 ಇಂಚಿನ ಮಡಚುವ ಸೈಕಲ್, ಟೈರು 2 ಇಂಚಿಗಿಂತ ಕಡಿಮೆ, 36 ವೋಲ್ಟ್ 7.8 ಆಂಪಿಯರ್ ಅವರ್, ತೂಕ 20.6. ಎರಡೂ ಬ್ಯಾಟರಿ ಬೀಗ ತೆಗೆದು ಕಳಚುವಂಥವು. ಇದು ಕಡ್ಡಾಯ. ಬ್ಯಾಟರಿ ಕಳಚಿದರೆ 4.4 ಕೆ.ಜಿ. ಇಳಿದು ಹೊರಬೇಕಾದ ಭಾರ 39.6ಕ್ಕೆ ಬರುತ್ತದೆ. ಬ್ಯಾಟರಿ ಚೌಕಟ್ಟಿನೊಳಗೇ ಹುದುಗಿರುವ ಸೈಕಲ್ ಎಷ್ಟೇ ಚಂದವಿದ್ದರೂ ವ್ಯಾನಿನ ಹಿಂದೆ ಹೊರಲು ಬೇಡ.

ಒಂದು ಅಂಗಡಿಯಲ್ಲಿ ವೇಗದ ಮಿತಿ ತೆಗೆದುಕೊಡುತ್ತೇವೆ, ಗಂಟೆಗೆ 40 ಕಿ.ಮೀ. ಹೋಗುತ್ತದೆ ಎಂದು ಆಸೆ ತೋರಿಸಿದರು. ಪೆಡಲ್ ನೆರವಿನ ಮೋಟಾರಿನ ಶಕ್ತಿ 250 ವ್ಯಾಟ್ ಒಳಗಿದ್ದು, 25 ಕಿ.ಮೀ. ವೇಗಕ್ಕೆ ಅದು ನಿಂತುಹೋದರೆ ಮಾತ್ರ ಕಾನೂನಿನ ಕಣ್ಣಿಗೆ ಅದು ಸೈಕಲ್. ಮಿತಿ ತೆಗೆದ ಕ್ಷಣ ಅದು ನೋಂದಣಿ, ವಿಮೆ, ಲೈಸೆನ್ಸ್ ಬೇಕಾದ ಮೋಟಾರು ವಾಹನ. ಅಡಿಕೆ ತೋಟದ ಓಣಿಯಲ್ಲಿ 40ರ ವೇಗ ಯಾರಿಗೆ ಬೇಕು?

ಹಬ್ ಮೋಟಾರಿನ ಬಗ್ಗೆ ಒಂದು ಮಾತು. ಹಿಂದಿನ ಚಕ್ರ ಪಂಕ್ಚರ್ ಆದರೆ ಸಾಮಾನ್ಯ ಸೈಕಲ್‌ನಂತೆ ಬೆರಳಲ್ಲಿ ಲಿವರ್ ತಿರುವಿ ಬಿಚ್ಚಲಾಗುವುದಿಲ್ಲ. 18 ಮಿ.ಮೀ. ಸ್ಪ್ಯಾನರ್ ಬೇಕು, ಮೋಟಾರಿನ ವೈರಿನ ಕನೆಕ್ಟರ್ ಬಿಡಿಸಬೇಕು, ಆಕ್ಸಲ್ ತಿರುಗದಂತೆ ತಡೆಯುವ ವಾಷರ್ ಯಾವ ಮುಖ ಒಳಗಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸ್ಪ್ಯಾನರ್ ಸೈಕಲ್ ಚೀಲದಲ್ಲೇ ಇರಲಿ, ವ್ಯಾನಿನಲ್ಲಲ್ಲ.

3. ಬೇಡವೆಂದು ಬಿಟ್ಟ ದಾರಿಗಳು

ಛಾವಣಿ: ಎರಡೂವರೆ ಮೀಟರ್ ಎತ್ತರಕ್ಕೆ 23 ಕೆ.ಜಿ. ಎತ್ತುವುದು ಇಪ್ಪತ್ತರ ಹರೆಯದವರ ಕೆಲಸ, ಜೊತೆಗೆ ಸೌರಫಲಕಕ್ಕೆ ನೆರಳು.

ಒಳಗೆ: ಮಡಚುವ ಸೈಕಲ್ ಮಡಚಿದರೆ 85 ಸೆಂ.ಮೀ. ಉದ್ದ, 65 ಎತ್ತರ. ಓಡಾಡುವ ಜಾಗದಲ್ಲಿ ಇಡಬಹುದು, ಆದರೆ ಓಡಾಡುವ ಹಾಗಿಲ್ಲ. ಚೈನಿನ ಎಣ್ಣೆ ಹಾಸಿಗೆಯ ಹೊದಿಕೆಗೆ ಹತ್ತಿದ ದಿನ ಮನೆಯ ಒಡತಿಯ ಅಪ್ಪಣೆ ಹೊರಬಿತ್ತು.

ಬೆಲ್ಟ್ ಹಾಕಿ ಬಾಗಿಲಿಗೆ ನೇತುಹಾಕುವ ಕ್ಯಾರಿಯರ್: ಇವು ಹೊರುವುದು ಸಾಮಾನ್ಯವಾಗಿ ಒಂದು ಸೈಕಲ್‌ಗೆ 15 ಕೆ.ಜಿ. ಆಸುಪಾಸು. ಕಾರಿನ ಡಿಕ್ಕಿಯ ಅಂಚಿಗೆ ಕೊಕ್ಕೆ ಸಿಕ್ಕಿಸುವ ವಿನ್ಯಾಸ. ವ್ಯಾನಿನ ನೆಟ್ಟಗಿನ ಬೆನ್ನಿಗೆ ಕೊಕ್ಕೆ ಕಚ್ಚಲು ಅಂಚೇ ಇಲ್ಲ. ಮೇಲಾಗಿ ಇವು ಚೌಕಟ್ಟಿನ ಮೇಲಿನ ದಂಡಿಗೆಯನ್ನು ಹಿಡಿಯುತ್ತವೆ, ಅವಳ ಸೈಕಲ್‌ಗೆ ಅದಿಲ್ಲ.

ಅಮೆರಿಕದಲ್ಲಿ ಮನೆಗಾಡಿಗಳ ಹಿಂದೆ ಚಾಸಿಗೆ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ, 2 ಇಂಚಿನ ಚೌಕ ಕೊಳವೆಯ ಹಿಚ್ ಇರುತ್ತದೆ. ಅದರೊಳಗೆ ಕ್ಯಾರಿಯರ್‌ನ ದಂಡ ತೂರಿಸಿ ಪಿನ್ ಹಾಕುತ್ತಾರೆ, ಸೈಕಲ್ ಚಕ್ರಗಳು ತಟ್ಟೆಯ ಮೇಲೆ ನಿಲ್ಲುತ್ತವೆ. ಅಲ್ಲಿಯೂ ಕಾರಿಗೆ ಸರಿಯಾದ ಕ್ಯಾರಿಯರ್ ಮನೆಗಾಡಿಗೆ ಸಲ್ಲದು. ಉದ್ದ ಬಾಲದ ಗಾಡಿಯಲ್ಲಿ ತುದಿಯ ಕುಲುಕಾಟ ಜಾಸ್ತಿ, ಅದಕ್ಕೆಂದೇ ಬೇರೆ ಅನುಮೋದನೆ ಬರೆದಿರುತ್ತಾರೆ. ಆಮದು ಮಾಡಿದ್ದರ ಬೆಲೆ ಕೇಳಿ ಫೋನು ಕೆಳಗಿಟ್ಟೆ. ಅದೇ ವಿಧಾನವನ್ನು ಪುಣೆ ಪಕ್ಕದ ಭೋಸರಿಯಲ್ಲಿ ಕಟ್ಟಿಸುವುದು ಎಂದಾಯಿತು.

4. ಮೊದಲ ಚೌಕಟ್ಟು: ಬಿರುಕು

ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ಇಂಡಿ ತಾಲ್ಲೂಕಿನ ವೆಲ್ಡರ್ ಒಬ್ಬರಿದ್ದಾರೆ. ಅರವತ್ತರ ಹತ್ತಿರದವರು, ಸುತ್ತಲಿನವರಿಗೆಲ್ಲ ಕಾಕಾ. ಪುಣೆಗೆ ಬಂದು ಎಷ್ಟೋ ಕಾಲವಾಗಿದ್ದರೂ ಅಳತೆ ಹೇಳುವಾಗ ಮಾತ್ರ ಕನ್ನಡಕ್ಕೆ ಮರಳುತ್ತಾರೆ.

ಚಾಸಿಗೆ ಏನನ್ನೂ ಬೆಸೆಯಬಾರದು, ಬೋಲ್ಟು ಮಾತ್ರ ಎಂಬುದು ನನ್ನ ಮೊದಲ ಷರತ್ತು. ಚಾಸಿಯ ಎರಡು ಉದ್ದ ತೊಲೆಗಳ ಕೊನೆಯಲ್ಲಿದ್ದ ರಂಧ್ರಗಳಿಗೇ 10 ಮಿ.ಮೀ. ಪ್ಲೇಟ್ ಕೂರಿಸಿ, ಎರಡರ ನಡುವೆ 60×60 ಚೌಕ ಕೊಳವೆಯ ಅಡ್ಡತೊಲೆ, ಅದರ ಮಧ್ಯದಲ್ಲಿ ಹಿಂದಕ್ಕೆ ಬಾಯಿ ತೆರೆದ ಒಂದು ತುಂಡು. ಪ್ಲೇಟಿಗೆ ಎಂ12 (12 ಮಿ.ಮೀ.), 8.8 ದರ್ಜೆಯ ಬೋಲ್ಟು, ಕುಲುಕಾಟಕ್ಕೆ ಸಡಿಲಾಗದ ನೈಲಾಕ್ ನಟ್, ಬಿಗಿತ 80 ನ್ಯೂಟನ್ ಮೀಟರ್.

ತೂಕ ಉಳಿಸಲು ಒಳಗೆ ತೂರುವ ದಂಡಕ್ಕೆ 50×50×2 ಕೊಳವೆ ತಂದಿದ್ದೆ. ಕಾಕಾ ಅದನ್ನು ಬೆರಳಲ್ಲಿ ತಟ್ಟಿ ನೋಡಿ, "ಸಾಹೇಬರೇ, ನಿಂತ ಭಾರ ಬೇರೆ, ಕುಣಿಯುವ ಭಾರ ಬೇರೆ" ಎಂದರು. ಆದರೂ ಮಾಡಿಕೊಟ್ಟರು.

ಸೈಕಲ್ ಹಾಕುವ ಮೊದಲು 70 ಕೆ.ಜಿ. ಮರಳಿನ ಚೀಲ ಕಟ್ಟಿ ಓಡಿಸಿ ನೋಡಿದ್ದು ಈ ಇಡೀ ಕೆಲಸದಲ್ಲಿ ಅತ್ಯಂತ ಲಾಭದ ತೀರ್ಮಾನ. ಹೋಗಿಬಂದದ್ದು ಮೋಶಿ, ಆಳಂದಿ ಕಡೆಯ ರಸ್ತೆ, ರಸ್ತೆಯುಬ್ಬುಗಳಿಗೇನೂ ಬರವಿಲ್ಲ. ವಾಪಸ್ ಬಂದು ಬ್ಯಾಟರಿ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದಾಗ ದಂಡವೂ ಟ್ರೇಯ ಅಡ್ಡತೊಲೆಯೂ ಕೂಡುವಲ್ಲಿ, ವೆಲ್ಡಿಂಗ್ ಸಾಲಿನ ಅಂಚಿಗೆ ಸರಿಯಾಗಿ, ಬಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ. ಉಗುರಿನಿಂದ ಕೆರೆದರೆ ಬಣ್ಣ ಸಿಪ್ಪೆಯೆದ್ದಿತು, ಗೆರೆ ಲೋಹದಲ್ಲೂ ಮುಂದುವರಿದಿತ್ತು. ಉದ್ದ 18 ಮಿ.ಮೀ. ವೆಲ್ಡಿಂಗ್ ಕೆಟ್ಟಿರಲಿಲ್ಲ. ಬೆಸುಗೆಯ ಪಕ್ಕದ ತೆಳು ಗೋಡೆ ಸೋತಿತ್ತು. ನಿಂತಾಗ 70 ಕೆ.ಜಿ. ಇದ್ದದ್ದು ಗಾಡಿ ಉಬ್ಬು ಹಾರಿದಾಗ ಅದರ ಎರಡು ಮೂರು ಪಟ್ಟಾಗುತ್ತದೆ, ಅದೂ ಅರ್ಧ ಮೀಟರ್ ಆಚೆಯಿಂದ ತೂಗಾಡುತ್ತ.

ಬಿರುಕಿನ ಮೇಲೆ ಇನ್ನೊಂದು ಸಾಲು ಬೆಸುಗೆ ಎಳೆದು ಮುಗಿಸುವ ಆಸೆ ಯಾರಿಗೂ ಬರುತ್ತದೆ. ಕಾಕಾ ಒಪ್ಪಲಿಲ್ಲ. ಕೊಳವೆಯನ್ನು ಕತ್ತರಿಸಿ ಗುಜರಿಯ ರಾಶಿಗೆ ಎಸೆದರು.

5. ಎರಡನೆಯ ಚೌಕಟ್ಟು

ದಂಡಕ್ಕೆ 50×50×4. ಮೀಟರಿಗೆ ಐದೂವರೆ ಕೆ.ಜಿ. ಮೀರುತ್ತದೆ, ಆದರೆ ಬೇಕಾದದ್ದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಕೂಡುವ ಕಡೆ ಎರಡೂ ಪಕ್ಕ 6 ಮಿ.ಮೀ. ಪ್ಲೇಟಿನ ತ್ರಿಕೋನ. ತ್ರಿಕೋನದ ತುದಿಯಲ್ಲಿ ಬೆಸುಗೆಯನ್ನು ಅಡ್ಡ ಸುತ್ತಿಸದೆ 10 ಮಿ.ಮೀ. ಮೊದಲೇ ನಿಲ್ಲಿಸಿದರು. ಅಡ್ಡ ಸುತ್ತಿಸಿದರೆ ಬಿರುಕಿಗೆ ನಾವೇ ಗೆರೆ ಹಾಕಿಕೊಟ್ಟಂತೆ.

ಈಗ ಯಾರೂ ಮೊದಲೇ ಹೇಳಿಕೊಡದ ತೊಂದರೆ. 60×60×4 ಕೊಳವೆಯ ಒಳಗಳತೆ 52. ಅದರೊಳಗೆ 50ರ ದಂಡ ಸಲೀಸಾಗಿ ಹೋಗಬೇಕು. ಹೋಗಲಿಲ್ಲ. ಇಂಥ ಕೊಳವೆಯನ್ನು ತಗಡು ಸುತ್ತಿ ಅಂಚು ಬೆಸೆದು ಮಾಡುತ್ತಾರೆ. ಹೊರಗಿನ ಬೆಸುಗೆಯನ್ನು ಕಾರ್ಖಾನೆಯಲ್ಲೇ ಕೆತ್ತಿ ನಯ ಮಾಡಿರುತ್ತಾರೆ, ಒಳಗಿನದನ್ನು ಹಾಗೇ ಬಿಟ್ಟಿರುತ್ತಾರೆ. ಒಳಗೆ ಬೆರಳು ಹಾಕಿದರೆ ಒಂದು ಗೋಡೆಯ ಉದ್ದಕ್ಕೂ ಹರಿತವಾದ ಏಣು ಸಿಗುತ್ತದೆ. ಅಷ್ಟು ಆಳಕ್ಕೆ ಗ್ರೈಂಡರ್ ಹೋಗುವುದಿಲ್ಲ. ಉದ್ದ ಸರಳಿನ ತುದಿಯನ್ನು ಸೀಳಿ ಎಮರಿ ಬಟ್ಟೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಿಲ್ ಯಂತ್ರಕ್ಕೆ ಕೊಟ್ಟು ತಿರುಗಿಸಿದೆವು. ಉಳಿದದ್ದಕ್ಕೆ ಅರೆಗುಂಡು ಅರ. ಮಧ್ಯಾಹ್ನ ಪೂರ್ತಿ ಹೋಯಿತು. ಏಣು ಇರುವ ಗೋಡೆಯನ್ನು ಮೇಲಕ್ಕೋ ಕೆಳಕ್ಕೋ ಬರುವಂತೆ ಬೆಸೆಯಬೇಡಿ, ಪಕ್ಕಕ್ಕೆ ಬರಲಿ. ಭಾರ ಕೂರುವುದು ಮೇಲೆ ಕೆಳಗೆ.

ತೂರಿದ ಮೇಲೆ ತದ್ವಿರುದ್ಧ ಸಮಸ್ಯೆ: 2 ಮಿ.ಮೀ. ಸಡಿಲು ಟ್ರೇಯ ತುದಿಯಲ್ಲಿ ಅಂಗೈಯಗಲದ ಅಲುಗಾಟವಾಗುತ್ತದೆ. 16 ಮಿ.ಮೀ. ಪಿನ್ ದಂಡವನ್ನು ಬೀಳದಂತೆ ಹಿಡಿಯುತ್ತದೆಯೇ ಹೊರತು ಅಲುಗದಂತೆ ಹಿಡಿಯುವುದಿಲ್ಲ. ಹೊರ ಕೊಳವೆಯ ಕೆಳಮುಖಕ್ಕೂ ಒಂದು ಪಕ್ಕಕ್ಕೂ 13 ಮಿ.ಮೀ. ರಂಧ್ರ ಕೊರೆದು, ಆ ರಂಧ್ರಗಳ ಮೇಲೆ ಎಂ12 ನಟ್ ಬೆಸೆದು, ಬೋಲ್ಟು ತಿರುವಿ ದಂಡವನ್ನು ಎದುರು ಗೋಡೆಗೆ ಒತ್ತಿ ಹಿಡಿಸಿದೆವು. ಬೋಲ್ಟು ಸಡಿಲಾಗದಂತೆ ಹಿಡಿಯುವ ಚೆಕ್ ನಟ್ ಮರೆಯಬಾರದು. ಇದಾದ ಮೇಲೆ ಕೈಯಲ್ಲಿ ಜಗ್ಗಿದರೆ ಕ್ಯಾರಿಯರ್ ಅಲುಗದೆ ವ್ಯಾನೇ ಅಲುಗಿತು.

ಮತ್ತೆ ಮರಳಿನ ಚೀಲ, ಮತ್ತೆ ಅದೇ ರಸ್ತೆ. ಬೆಸುಗೆಯ ಅಂಚುಗಳಿಗೆ ಈ ಸಲ ಬಿಳಿ ಬಣ್ಣ ಮಾತ್ರ ಬಳಿದಿದ್ದೆ, ಗೆರೆ ಬಿದ್ದರೆ ಎದ್ದು ಕಾಣಲೆಂದು. ಬೀಳಲಿಲ್ಲ.

6. ಟ್ರೇ ಮತ್ತು ಹಿಡಿತ

ಚಕ್ರ ನಿಲ್ಲುವ ತಟ್ಟೆಗೆ ತಗಡು ಮಡಚಿಸುವ ಯೋಚನೆಯಿತ್ತು. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಕೊಕ್ಕೆ, ಪಟ್ಟಿ ಹುಡುಕುತ್ತಿದ್ದಾಗ ಒಂದು ಅಂಗಡಿಯ ಗೋಡೆಗೆ ಒರಗಿಸಿದ್ದ ಕೇಬಲ್ ಟ್ರೇ ಕಣ್ಣಿಗೆ ಬಿತ್ತು. ವಿದ್ಯುತ್ ಕೇಬಲ್ ಹಾಯಿಸಲು ಬಳಸುವ ಸತು ಲೇಪಿತ ತೂತು ಟ್ರೇ. 100 ಮಿ.ಮೀ. ಅಗಲ, ಅಂಚು 25, ದಪ್ಪ 1.6. ಎರಡೂವರೆ ಮೀಟರಿನ ಒಂದು ತುಂಡನ್ನು ನಡುವೆ ಕತ್ತರಿಸಿದರೆ ಎರಡು ಸೈಕಲ್‌ಗೂ ಆಯಿತು. ತೂತುಗಳಲ್ಲಿ ನೀರು ಇಳಿದುಹೋಗುತ್ತದೆ, ಬೆಲ್ಟ್ ಎಲ್ಲಿ ಬೇಕಾದರೂ ಹಾಯಿಸಬಹುದು. ಅದನ್ನು ಅಡ್ಡತೊಲೆಗೆ ಬೋಲ್ಟು ಹಾಕಿ ಕೂರಿಸಿ, ಬೆಸೆಯಬೇಡಿ. ಸತು ಸುಟ್ಟ ಹೊಗೆ ವಿಷ, ವೆಲ್ಡರ್‌ಗೆ ಆ ರಾತ್ರಿಯೇ ಚಳಿಜ್ವರ ಬರುತ್ತದೆ. ಸುಟ್ಟ ಜಾಗಕ್ಕೆ ತುಕ್ಕೂ ಮೊದಲು ಹತ್ತುತ್ತದೆ.

ಸೈಕಲನ್ನು ನೆಟ್ಟಗೆ ನಿಲ್ಲಿಸಲು ಎರಡು ಟ್ರೇಗಳ ನಡುವೆ 40×40ರ ಕಂಬ, 900 ಎತ್ತರ. ಅದರಿಂದ ಚಾಚಿದ ಕೈಗಳು ಹಿಡಿಯುವುದು ಸೀಟಿನ ಕೆಳಗಿನ ದಂಡವನ್ನು. ಮೇಲಿನ ದಂಡಿಗೆ ಇರಲಿ ಇಲ್ಲದಿರಲಿ, ಸೀಟಿನ ದಂಡ ಎಲ್ಲ ಸೈಕಲ್‌ಗೂ ಇರುತ್ತದೆ. ಕ್ಲಾಂಪಿನ ಒಳಗೆ ಹಳೆಯ ಟ್ಯೂಬ್ ಸುತ್ತಿದೆ. ಕೆಳದಂಡಿಗೆಯನ್ನು ಎಂದೂ ಹಿಡಿಯಬಾರದು, ಅಲ್ಲಿ ಬ್ಯಾಟರಿಯ ಹಳಿಯೂ ವೈರುಗಳೂ ಇರುತ್ತವೆ. ಕಂಬ ಹೊರುವುದು ಓರೆಯಾಗದಂತೆ ತಡೆಯುವ ಬಲವನ್ನು ಮಾತ್ರ. ತೂಕವೆಲ್ಲ ಚಕ್ರದ ಮೇಲೆ, ಚಕ್ರಕ್ಕೆ ಎರಡು ಕಡೆ ರ‍್ಯಾಚೆಟ್ ಬೆಲ್ಟ್.

ಭಾರದ ಸೈಕಲ್ ಬಾಗಿಲ ಕಡೆ, ಹಗುರದ್ದು ಹೊರಗೆ, ಒಂದರ ಮುಖ ಎಡಕ್ಕಾದರೆ ಇನ್ನೊಂದರದು ಬಲಕ್ಕೆ. ಹ್ಯಾಂಡಲ್ ತಿರುಗಿಸಲು 5 ಮಿ.ಮೀ. ಅಲೆನ್ ಕೀ. ನೇರ ಮಾಡುವಾಗ ಪ್ರತಿ ಸಲ ಕಣ್ಣಂದಾಜಿನಲ್ಲಿ ಪರದಾಡದಂತೆ ಸ್ಟೆಮ್‌ಗೂ (ಹ್ಯಾಂಡಲನ್ನು ಹಿಡಿದಿರುವ ತುಂಡು) ಅದರ ಕೆಳಗಿನ ಸ್ಪೇಸರ್ ಬಳೆಗೂ ಸೇರಿ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ. ತಿರುಗಿಸುವುದು ಬ್ರೇಕ್ ಕೇಬಲ್ ಸಡಿಲಾಗುವ ದಿಕ್ಕಿಗೆ ಮಾತ್ರ. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಕೇಬಲ್ ಎಳೆದು ಒಳಗಿನ ತಂತಿ ಬಾಗುತ್ತದೆ.

ಇಡೀ ಕ್ಯಾರಿಯರ್ ತೂಕ 27 ಕೆ.ಜಿ. ಸೈಕಲ್ ಸೇರಿ 66 ಚಿಲ್ಲರೆ.

7. ದೀಪ, ನಂಬರ್ ಪ್ಲೇಟ್, ಬಣ್ಣ

ಸೈಕಲ್ ಕೂತ ಮೇಲೆ ಹಿಂದಿನ ದೀಪಗಳೂ ನಂಬರೂ ಅರ್ಧ ಮರೆ. ಭದ್ರತಾ ನಂಬರ್ ಪ್ಲೇಟನ್ನು ಕಳಚುವಂತಿಲ್ಲ, ಅದರ ಬೀಗ ಒಮ್ಮೆ ಒತ್ತಿದರೆ ಮುಗಿಯಿತು. ಅದನ್ನು ಅಲ್ಲೇ ಬಿಟ್ಟು ಹೊರ ಟ್ರೇಯ ಅಂಚಿಗೆ 1,200 ಉದ್ದದ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದರ ಮೇಲೆ ಎಡ ಬಲ ಸೂಚಕ, ಬ್ರೇಕ್, ಹಿಂದೀಪ, ನಡುವೆ ಅದೇ ಸಂಖ್ಯೆ ಬರೆದ ಫಲಕ, ಫಲಕಕ್ಕೆ ಒಂದು ಸಣ್ಣ ಬಿಳಿ ದೀಪ. ಟ್ರೇಲರ್‌ಗೆ ಬಳಸುವ 7 ಪಿನ್ ಸಾಕೆಟ್, ಪ್ರತ್ಯೇಕ ಫ್ಯೂಸ್. ಪೌಡ್ ಹತ್ತಿರ ಪೊಲೀಸರು ಒಮ್ಮೆ ಕೈ ತೋರಿಸಿ ನಿಲ್ಲಿಸಿದರು. ಹಿಂದೆ ಬಂದು ನೋಡಿ, ಸೈಕಲ್ ಒಂದು ಚಾರ್ಜಿಗೆ ಎಷ್ಟು ಓಡುತ್ತದೆ, ಬೆಲೆ ಎಷ್ಟು ಎಂದು ವಿಚಾರಿಸಿ ಕಳಿಸಿದರು.

ಬಣ್ಣ: ಎರಡು ಕೋಟ್ ರೆಡ್ ಆಕ್ಸೈಡ್, ಎರಡು ಕೋಟ್ ಪಿಯು (ಪಾಲಿಯುರೆಥೇನ್) ಬಣ್ಣ. ಕೊಳವೆಗಳ ತೆರೆದ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ, ಕೆಳಗೆ 6 ಮಿ.ಮೀ. ನೀರು ಇಳಿಯುವ ತೂತು.

8. ತಾಮ್ಹಿಣಿ ಇಳಿದು ಕಡಲಿಗೆ

ಮುಳಶಿ, ತಾಮ್ಹಿಣಿ ಘಾಟ್, ಮಾಣಗಾಂವ್ ದಾಟಿ ದಿವೇಆಗರಕ್ಕೆ ಸುಮಾರು 160 ಕಿ.ಮೀ. ಮುಳಶಿಯಲ್ಲಿ ನಿಲ್ಲಿಸಿ ನೋಡಿದಾಗ ಬೆಲ್ಟ್‌ಗಳೆಲ್ಲ ಸಡಿಲ. ಹೊಸ ಬೆಲ್ಟ್ ಮೊದಲ ಓಟದಲ್ಲಿ ಹಿಗ್ಗುತ್ತದೆ, ಬಿಗಿ ಮಾಡಿದ ಮೇಲೆ ಮತ್ತೆ ಸಡಿಲಾಗಲಿಲ್ಲ. ಮಾಣಗಾಂವ್‌ನಲ್ಲಿ ಚಹಾಕ್ಕೆ ಇಳಿದಾಗ ಇನ್ನೊಂದು ಗೊತ್ತಾಯಿತು: ಒಳಗಿನ ಸೈಕಲ್‌ನ ಹಿಂದಿನ ಟೈರು ಮುಟ್ಟಿದರೆ ಬಿಸಿ, ಮೇಲೆ ಮಸಿ. ಸೈಲೆನ್ಸರ್ ಕೊಳವೆಯ ಬಾಯಿ ಅದರ ಕೆಳಗೇ ಇತ್ತು. ರಸ್ತೆಯಲ್ಲಿ ಗಾಳಿ ಬಿಸಿಯನ್ನು ಒಯ್ಯುತ್ತದೆ, ಟ್ರಾಫಿಕ್ಕಿನಲ್ಲಿ ನಿಂತಾಗ ಟೈರು ಬೇಯುತ್ತದೆ. ಅಲ್ಲೇ ಗ್ಯಾರೇಜಿನಲ್ಲಿ ಕೊಳವೆಗೆ ನೆಲದ ಕಡೆ ಬಾಗಿದ ಮೊಣಕೈ ತುಂಡು ಹಾಕಿಸಿದೆ. ಪುಣೆಗೆ ಬಂದ ಮೇಲೆ ಟ್ರೇಯ ಅಡಿಗೆ ಅಲ್ಯೂಮಿನಿಯಂ ತಗಡು ಸೇರಿಸಿದೆ.

ಬ್ಯಾಟರಿ ಕಳಚಿದ ಖಾಲಿ ಜಾಗದಲ್ಲಿ ಕನೆಕ್ಟರ್‌ನ ಹಿತ್ತಾಳೆ ಮೂತಿಗಳು ತೆರೆದಿರುತ್ತವೆ. ಘಾಟಿನ ಧೂಳೆಲ್ಲ ಅಲ್ಲಿ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಆ ಆಕಾರಕ್ಕೆ ಕೊಯ್ದು ಒತ್ತಿ ಕೂರಿಸಿದರೆ ಮಳೆಯೂ ಹೋಗುವುದಿಲ್ಲ.

ಹರಿಹರೇಶ್ವರ ದಾಟಿ ಬಾಗಮಂಡಲಾದಲ್ಲಿ ಸಾವಿತ್ರಿ ನದಿಯ ಮುಖಕ್ಕೆ ಅಡ್ಡಲಾಗಿ ವಾಹನ ಸಾಗಿಸುವ ಫೆರ‍್ರಿ ಇದೆ, ಆಚೆ ದಡ ವೇಶ್ವಿ. ನೀರಿಳಿದ ಹೊತ್ತು ಜೆಟ್ಟಿಯ ಇಳಿಜಾರು ಕಡಿದು. ವ್ಯಾನಿನ ಮುಂದಿನ ಚಕ್ರ ಫೆರ‍್ರಿಯ ಹಲಗೆ ಏರುತ್ತಿದ್ದಂತೆ ಹಿಂದೆ ಕಬ್ಬಿಣ ಕಾಂಕ್ರೀಟನ್ನು ಕೆರೆದ ಸದ್ದು. ದಂಡದ ತುದಿ ಸವೆದು ಹೊಳೆಯಿತು, ಬೇರೇನೂ ಆಗಲಿಲ್ಲ. ಫೆರ‍್ರಿಯ ಹುಡುಗ ಉಬ್ಬರದ ವೇಳೆಗೆ ಬಂದಿದ್ದರೆ ಇಳಿಜಾರು ಇರುತ್ತಲೇ ಇರಲಿಲ್ಲ ಎಂದ. ಈಗ ಹೊರಡುವ ಮುನ್ನ ಉಬ್ಬರದ ಹೊತ್ತು ನೋಡಿಕೊಳ್ಳುತ್ತೇನೆ. ದಂಡದ ತುದಿಯ ಕೆಳಗೆ 8 ಮಿ.ಮೀ. ಪಟ್ಟಿಯನ್ನು ಬಿಲ್ಲಿನಂತೆ ಬಾಗಿಸಿ ಬೋಲ್ಟು ಹಾಕಿದ್ದೇನೆ, ಕೆರೆದರೆ ಅದು ಕೆರೆಯಲಿ, ಸವೆದರೆ ಬದಲಿಸಬಹುದು. ದಾಭೋಳ, ಜಯಗಡದ ಫೆರ‍್ರಿಗಳಲ್ಲೂ ಇದೇ ಲೆಕ್ಕ.

ವೇಶ್ವಿಯಿಂದ ವೇಳಾಸ್ ಹತ್ತಿರ. ಆಲಿವ್ ರಿಡ್ಲಿ ಆಮೆಮರಿಗಳನ್ನು ಕಡಲಿಗೆ ಬಿಡುವುದು ಬೆಳಗ್ಗೆ ಮತ್ತು ಸಂಜೆ. ವ್ಯಾನನ್ನು ಊರ ಹೊರಗೆ ಬಿಟ್ಟು ಸೈಕಲ್‌ನಲ್ಲಿ ಹೋದೆವು. ಇಳಿಸಿ, ಹ್ಯಾಂಡಲ್ ನೇರ ಮಾಡಿ, ಬ್ಯಾಟರಿ ಹಾಕಿ ಹೊರಡಲು ಹತ್ತು ನಿಮಿಷ ಬೇಕು. ಮತ್ತೆ ಏರಿಸುವಾಗ ಮೊದಲು ಮುಂದಿನ ಚಕ್ರವನ್ನು ಟ್ರೇಗೆ ಇಟ್ಟು ಆಮೇಲೆ ಹಿಂಬದಿ ಎತ್ತುವುದು. ಹಬ್ ಮೋಟಾರಿನ ಭಾರವೆಲ್ಲ ಹಿಂದೆ ಇರುವುದರಿಂದ ಒಮ್ಮೆಲೇ ಎತ್ತಲು ಹೋದರೆ ಸೈಕಲ್ ಕೈಯಲ್ಲಿ ಮಗುಚುತ್ತದೆ.

9. ಚಾರ್ಜಿಂಗ್

ಎರಡು ಬ್ಯಾಟರಿ ಸೇರಿ 655 ವ್ಯಾಟ್ ಅವರ್. ವ್ಯಾನಿನ ಮನೆಬ್ಯಾಟರಿ 12.8 ವೋಲ್ಟ್ 100 ಆಂಪಿಯರ್ ಅವರ್, ಅಂದರೆ 1,280. ಇನ್ವರ್ಟರ್ ಮತ್ತು ಚಾರ್ಜರ್ ನುಂಗುವುದನ್ನು ಸೇರಿಸಿದರೆ ಎರಡೂ ಸೈಕಲ್ ಖಾಲಿಯಿಂದ ತುಂಬಲು ಸುಮಾರು 850 ಹೋಗುತ್ತದೆ. ಮೂರರಲ್ಲಿ ಎರಡು ಪಾಲು. ರಾತ್ರಿ ಫ್ಯಾನಿಗೂ ಫ್ರಿಜ್ಜಿಗೂ ಉಳಿಯುವುದು ಅಷ್ಟಕ್ಕಷ್ಟೇ. ಆದ್ದರಿಂದ ಸೈಕಲ್ ಚಾರ್ಜಿಂಗ್ ನಡೆಯುವುದು ಗಾಡಿ ಓಡುವಾಗ ಅಥವಾ ಹಗಲು ಬಿಸಿಲಿರುವಾಗ. ಒಂದೊಂದಾಗಿ ಹಾಕುತ್ತೇನೆ. 2 ಆಂಪಿಯರ್ ಚಾರ್ಜರ್ ಇನ್ವರ್ಟರ್‌ನಿಂದ ಎಳೆಯುವುದು ನೂರು ವ್ಯಾಟ್ ಆಸುಪಾಸು ಮಾತ್ರ. ಹೋಂಸ್ಟೇ ಅಂಗಳದಲ್ಲಿ ನಿಂತರೆ ಪ್ಲಗ್ ಕೇಳಿ ದುಡ್ಡು ಕೊಡುತ್ತೇನೆ, ಎರಡೂ ತುಂಬಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ.

ಕಳಚಿದ ಬ್ಯಾಟರಿಗಳು ತಗಡಿನ ಟ್ರಂಕಿನಲ್ಲಿ, ಬಾಗಿಲ ಪಕ್ಕದಲ್ಲಿ, ಅಡುಗೆ ಅನಿಲದ ಸಿಲಿಂಡರ್‌ನ ಎದುರು ಮೂಲೆಯಲ್ಲಿ. ಟ್ರಂಕಿಗೆ ಒಳಗಡೆ ರಬ್ಬರ್ ಹಾಸು, ಬ್ಯಾಟರಿಯ ಮೂತಿಗಳಿಗೆ ಟೇಪು. ಹಾಸಿಗೆಯ ಕೆಳಗೆ ಇಡುವುದಿಲ್ಲ, ಮಲಗಿದಾಗ ಚಾರ್ಜಿಗೆ ಹಾಕುವುದಿಲ್ಲ. ಇದರಲ್ಲಿ ನಮ್ಮ ಮನೆಯಲ್ಲಿ ವಾದವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕೊಂಕಣದ ಬಿಸಿಲಿಗೆ ಮುಚ್ಚಿದ ವ್ಯಾನು ಒಲೆಯಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ಮೊದಲು ಬಾಗಿಲು ತೆರೆದು ತಣಿಸಿ ಆಮೇಲೆ ಪ್ಲಗ್. ಮಳೆಗಾಲದಲ್ಲಿ ಸೈಕಲ್ ಮೂಲೆ ಸೇರಿದಾಗ ಬ್ಯಾಟರಿಯನ್ನು ಅರ್ಧಕ್ಕೆ ತುಂಬಿ ಇಟ್ಟಿರುತ್ತೇನೆ.

10. ಖರ್ಚು ಮತ್ತು ಬಾಕಿ

ಉಕ್ಕು 34 ಕೆ.ಜಿ., 2,650 ರೂಪಾಯಿ. ಗುಜರಿಗೆ ಹೋದ ಮೊದಲ ಕೊಳವೆ 700. ವೆಲ್ಡಿಂಗ್ ಕೂಲಿ ಎರಡು ಕಂತು ಸೇರಿ 6,300. ಕಾಕಾ ಎರಡನೆಯದಕ್ಕೆ ಕಡಿಮೆ ಮಾಡಿಕೊಂಡರು, ನಾನು ಕೇಳಿರಲಿಲ್ಲ. ಕೇಬಲ್ ಟ್ರೇ 640, ಬೋಲ್ಟು, ಪಿನ್ 420, ಬೆಲ್ಟ್ 1,100, ದೀಪದ ಪಟ್ಟಿ 1,350, ಕ್ಲಾಂಪ್ 800, ಬಣ್ಣ 900. ಮೊಣಕೈ ಕೊಳವೆ, ತಗಡು ಬಿಟ್ಟು 15 ಸಾವಿರದ ಒಳಗೆ. ಸೈಕಲ್‌ಗಳು 38,000 ಮತ್ತು 34,500.

ಪ್ರತಿ ಪ್ರವಾಸಕ್ಕೆ ಮುಂಚೆ ಟಾರ್ಕ್ ರೆಂಚ್ ಹಿಡಿದು ಚಾಸಿಯ ಬೋಲ್ಟುಗಳನ್ನೂ, ಟಾರ್ಚ್ ಹಿಡಿದು ಬಿಳಿ ಬಣ್ಣದ ಬೆಸುಗೆಗಳನ್ನೂ ನೋಡುತ್ತೇನೆ. ಕಡಲಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯುವುದು, ಹಬ್‌ನ ವೈರು ಹೊರಬರುವ ಕಡೆಗೆ ಪೈಪ್ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು.

ಬಾಕಿ ಇರುವ ಕೆಲಸ ಒಂದು: ಸೈಕಲ್ ಕೂತಿರುವಾಗ ಹಿಂದಿನ ಬಾಗಿಲು ತೆರೆಯುವುದಿಲ್ಲ. ಅಡುಗೆ ಪೆಟ್ಟಿಗೆ ಇರುವುದು ಆ ಕಡೆಯೇ. ಕಂಬವನ್ನೂ ಟ್ರೇಗಳನ್ನೂ ಒಟ್ಟಿಗೆ ಹಿಂದಕ್ಕೆ ಬಾಗಿಸುವ ಕೀಲು ಹಾಕಬಹುದು ಎನ್ನುತ್ತಾರೆ ಕಾಕಾ. 6 ಕೆ.ಜಿ. ಏರುತ್ತದಂತೆ. ದಂಡದ 4 ಮಿ.ಮೀ. ಗೋಡೆ ಆ ಭಾರವನ್ನು ತಾಳಿಕೊಳ್ಳುತ್ತದೆ, ಆದರೆ ಕೀಲಿನ ಸಡಿಲನ್ನು ಹೇಗೆ ತೆಗೆಯುವುದು ಎಂಬುದರ ಮೇಲೆ ಇಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ.